ತಾಯಿಸ್ತೋ ಎದುರು ಓದಿದ ಪುಟ

ಕುವೊಪಿಯೊ
೧೪ ನವೆಂಬರ್ ೨೦೧೯

ಪ್ರೀತಿಯ ಸೈಮಿ,

ನೀನೂ ನಿಮ್ಮಪ್ಪನೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಈ ಕಾಗದವನ್ನು ಏಪ್ರಿಲ್‌ನಲ್ಲೇ ಬರೆಯಬೇಕಿತ್ತು. ಮೂರು ಸಲ ಶುರುಮಾಡಿ ಹರಿದುಹಾಕಿದೆ, ಮೂರರಲ್ಲೂ ನಾನೇ ಸರಿ ಎಂದು ವಾದಿಸುತ್ತಿದ್ದೆ. ತಡವಾಗಿದ್ದಕ್ಕೆ ಬೈಯಿ. ಬೈಯುವುದಕ್ಕಾದರೂ ಫೋನ್ ಮಾಡು.

ಇಲ್ಲಿ ಸರೋವರದ ಅಂಚು ಹೆಪ್ಪುಗಟ್ಟುತ್ತಿದೆ. ನೀನು ಬರುತ್ತಿದ್ದ ಗುರುವಾರ ಬಂದರೆ ಅಭ್ಯಾಸಬಲದಿಂದ ಇಬ್ಬರಿಗೆ ಕಾಫಿ ಮಾಡಿ, ಎರಡೂ ಲೋಟ ನಾನೇ ಕುಡಿಯುತ್ತೇನೆ. ರೇಡಿಯೋ ಜೊತೆಗಿದೆ, ಆದರೆ ನಾನು ಅಂದಿದ್ದಕ್ಕೆ ಅದು ನಿನ್ನ ಹಾಗೆ ಮೂಗು ಮುರಿಯುವುದಿಲ್ಲ. ತುಂಬಾ ಒಂಟಿಯಾಗಿದ್ದೇನೆ ಕಣೇ.

ಕಾದಂಬರಿ ಬರೆಯುವಾಗ ನಿನ್ನನ್ನು ಎಷ್ಟು ಪೀಡಿಸಿದೆ! ನಿಮ್ಮ ರೋಮಾ ಜನಾಂಗದ ಹೆಂಗಸರು ಉಡುವ ಮಖಮಲ್ಲಿನ ಲಂಗಕ್ಕೆ ಎಷ್ಟು ಬಟ್ಟೆ ಬೇಕು, ಎಷ್ಟು ಭಾರ ಎಂದೆಲ್ಲ ಕೇಳಿದ್ದಕ್ಕೆ ನೀನು, "ಲಂಗದ ಭಾರ ಬರ್ಕೊಂಡೆಯಲ್ಲ, ಹೊತ್ತೋಳ ಸೊಂಟನೋವು ಯಾರು ಬರೀತಾರೆ?" ಅಂದಿದ್ದೆ. ಅದನ್ನೂ ಬರೆದುಕೊಂಡೆ.

ಆಮೇಲೆ ಆ ಭಾನುವಾರ. ನಿಮ್ಮ ಮನೆಯಲ್ಲಿ ನಾನು ನಿಮ್ಮಪ್ಪ ತಾಯಿಸ್ತೋ ಅವರ ಎದುರು ಕೂತು, ನನ್ನ ಕಥೆಯ ರೋಮಾ ಹುಡುಗಿ ತಾನು ಬಸುರಿ ಎಂದು ತಂದೆಗೆ ಹೇಳುವ ಪುಟವನ್ನು ಗಟ್ಟಿಯಾಗಿ ಓದಿದೆ. ಕಥೆಯ ತಂದೆ ಮಗಳ ತಲೆ ನೇವರಿಸುತ್ತಾನೆ. ನಾನು ತಲೆಯೆತ್ತಿ ನೋಡಿದರೆ ತಾಯಿಸ್ತೋ ಬಾಲ್ಕನಿಗೆ ಹೋಗಿದ್ದರು, ನೀನು ಮೆಟ್ಟಿಲ ಮೇಲಿದ್ದೆ. ಇಬ್ಬರಿಗೂ ಎದೆ ತುಂಬಿ ಬಂದಿದೆ ಎಂದು ನಾನು ಒಳಗೊಳಗೇ ಬೀಗುತ್ತ ಇನ್ನೊಂದು ಬನ್ನು ತಿಂದೆ.

ಮಾರನೆಯ ದಿನ ನೀನು ಫೋನ್ ಮಾಡಿ ಆ ಪುಟ ಬೇಡ ಅಂದೆ. ಯಾಕೆ ಎಂದು ಕೇಳಿದರೆ "ಬೇಡ ಅಂದ್ರೆ ಬೇಡ ಅಷ್ಟೆ" ಅಂದೆಯೇ ಹೊರತು ಬೇರೇನೂ ಹೇಳಲಿಲ್ಲ. ನಾನು ಉಪನ್ಯಾಸವನ್ನೇ ಕೊಟ್ಟೆ. ಬರಹಗಾರರು ತಮ್ಮಂಥವರನ್ನೇ ಬರೆಯುತ್ತ ಕೂತರೆ ನನ್ನ ಪಾಲಿಗೆ ಜಾಮ್ ಕಾಯಿಸುವ ಮುದುಕಿಯರಷ್ಟೇ ಉಳಿಯುತ್ತಾರೆ ಅಂದೆ. ಪುಟ ಹಾಗೇ ಅಚ್ಚಾಯಿತು, ಬಹುಮಾನವೂ ಬಂತು. ಏಪ್ರಿಲ್‌ನಿಂದ ನೀನು ಬರುವುದನ್ನು ನಿಲ್ಲಿಸಿದೆ.

ಕಳೆದ ತಿಂಗಳು ಗ್ರಂಥಾಲಯದ ಸಭೆ ಮುಗಿದ ಮೇಲೆ ನಿಮ್ಮವರ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಬಂದಳು. ಸಹಿ ಬೇಕೇನೋ ಎಂದು ಪೆನ್ನು ತೆಗೆದೆ.

"ಲಂಗ, ಲೇಸ್ ಪಟ್ಟಿ ಎಲ್ಲಾ ಸರಿಯಾಗೇ ಬರ್ದಿದೀರಿ," ಅಂದಳು. "ಆದ್ರೆ ಬಸುರಿ ಅನ್ನೋ ಮಾತನ್ನ ನಾವು ಅಪ್ಪನ ಮುಂದೆ ಆಡಲ್ಲ. ಹೊಟ್ಟೆ ಕಾಣೋ ಹಾಗಾದ್ರೆ ಹಿರಿಯರ ಕಣ್ಣಿಗೇ ಬೀಳಲ್ಲ. ಅದು ನಾವು ಅವ್ರಿಗೆ ಕೊಡೋ ಮರ್ಯಾದೆ. ನಿಮ್ಮ ಹುಡುಗಿ ಬೇರೆ ಯಾರೋ, ನಮ್ಮ ಬಟ್ಟೆ ಹಾಕ್ಕೊಂಡಿದಾಳೆ ಅಷ್ಟೆ."

ಕಾರಣ ಹೇಳುವುದಕ್ಕೂ ನಿನಗೆ ಯಾಕೆ ಬಾಯಿ ಬರಲಿಲ್ಲ ಎಂದು ಆಗ ಅರ್ಥವಾಯಿತು. ನಿಮ್ಮಪ್ಪ ಆ ಫೋನಿನ ಪಕ್ಕದಲ್ಲೇ ಕೂತಿರುತ್ತಾರಲ್ಲ. ನಿನ್ನ ಮಗಳು ಐದು ತಿಂಗಳು ಅಜ್ಜನ ಮನೆಗೆ ಬರದಿದ್ದಾಗ ಓದಿನ ಗಡಿಬಿಡಿ ಎಂದುಕೊಂಡಿದ್ದೆ. ಮೂವತ್ತು ವರ್ಷ ನಿಮ್ಮ ಮೇಜಿನ ಮುಂದೆ ಕೂತು ಕಾಫಿ ಕುಡಿದವಳಿಗೆ ಲಂಗದ ನೆರಿಗೆಗಳಷ್ಟೇ ಕಂಡಿದ್ದವು. ಬೇರೆಯವರನ್ನು ಬರೆಯಬಾರದು ಎಂದು ನಾನು ಈಗಲೂ ಒಪ್ಪುವುದಿಲ್ಲ. ಆದರೆ ನೀನು ಬೇಡ ಅಂದಾಗ ನಿಲ್ಲಿಸಬೇಕಿತ್ತು. ತಪ್ಪಾಯಿತು.

ಮರುಮುದ್ರಣದಲ್ಲಿ ಆ ಪುಟ ಇರಕೂಡದು ಎಂದು ಪ್ರಕಾಶಕರಿಗೆ ಹೇಳಿದ್ದೇನೆ. ಅದಿಲ್ಲದೆ ಪುಸ್ತಕಕ್ಕೆ ಜೀವವಿಲ್ಲ ಅನ್ನುತ್ತಾರೆ. ಜೀವ ಇರದಿದ್ದರೆ ಇಲ್ಲದಿರಲಿ ಅಂದೆ.

ತಾಯಿಸ್ತೋಗೆ ನನ್ನ ನಮಸ್ಕಾರ. ಈ ಚಳಿಗಾಲ ಅವರ ಎದೆನೋವನ್ನು ಕೆಣಕದಿರಲಿ. ನಿನ್ನ ಮೊಮ್ಮಗು ಚೆನ್ನಾಗಿ ಬೆಳೆಯಲಿ.

ನಿನ್ನ
ಕೆರ್ತು

ಮರೆತ ಮಾತು: ಮರೆತದ್ದಲ್ಲ, ಹೇಳಲಾಗದೆ ಉಳಿದದ್ದು. ಆ ಪುಟವನ್ನು ನಾನು ನಿಮ್ಮವರನ್ನು ನೋಡಿ ಬರೆಯಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ನಮ್ಮ ಅಡುಗೆಮನೆಯಲ್ಲಿ, ನನ್ನ ಅಪ್ಪನಿಗೆ ನಾನು ಹೇಳಿದ ಮಾತು ಅದು. ಅಪ್ಪ ಪೇಪರ್ ಮಡಿಸಿಟ್ಟು, "ನಾಳೆ ಹೊರಡು" ಅಂದ. ಹುಟ್ಟಿದ್ದು ಗಂಡು. ಆರು ದಿನ ನನ್ನ ಹತ್ತಿರ ಇತ್ತು, ಆಮೇಲೆ ಯಾರೋ ಸಾಕಿಕೊಳ್ಳಲು ಒಯ್ದರು. ಅಪ್ಪನನ್ನು ಇದ್ದ ಹಾಗೆ ಬರೆಯುವ ಧೈರ್ಯ ನನಗೆ ಬರಲೇ ಇಲ್ಲ. ಅದಕ್ಕೇ ನಿಮ್ಮಪ್ಪನ ಕೈ ತಂದು ಆ ಹುಡುಗಿಯ ತಲೆಯ ಮೇಲೆ ಇಟ್ಟೆ. ನಮ್ಮ ಪರಿಚಯದ ಮೊದಲ ದಿನವೇ ನೀನು ಕೇಳಿದ್ದೆ, ಮಕ್ಕಳೆಷ್ಟು ಎಂದು. ಇಲ್ಲ ಅಂದಿದ್ದೆ ನಾನು.