ಮೂರನೆಯ ಅಕ್ಕನ ಕೆನ್ನೆ

ಹಾನಗಲ್ಲ
೨೭ ಜೂನ್ ೨೦೨೫

ಪ್ರೀತಿಯ ಅವ್ವನಿಗೆ, ನಿನ್ನ ಸವಿತಾಳ ಸಿಟ್ಟಿನ ನಮಸ್ಕಾರ.

ಫೋನಿನಲ್ಲಾದರೆ ನೀನು "ಊಟ ಆತೇನವಾ?" ಅನ್ನುತ್ತೀ, ನನ್ನ ಸಿಟ್ಟು ಅಲ್ಲೇ ಇಳಿದುಹೋಗುತ್ತದೆ. ಈ ಸಲ ಇಳಿಯಬಾರದೆಂದು ಕಾಗದ ಬರೆಯುತ್ತಿದ್ದೇನೆ.

ಕೆರೆಯ ಪಕ್ಕದ ಬಂಡೆಯಲ್ಲಿ ಕೊರೆದ ಏಳು ಅಕ್ಕನವರ ಮೂರ್ತಿಗಳನ್ನು ಉಳಿಸುವ ಕೆಲಸ ನನ್ನದೆಂದು ನಿನಗೆ ಗೊತ್ತು. ಇಷ್ಟು ಶತಮಾನ ಮಳೆ ಬಿಸಿಲಿಗೆ ಜಗ್ಗದ ಮೂರನೆಯ ಅಕ್ಕನ ಕೆನ್ನೆ ಈಗ ಹಪ್ಪಳದಂತೆ ಎದ್ದು ಉದುರುತ್ತಿದೆ. ಕಲ್ಲು ಉಪ್ಪುನೀರು ಕುಡಿದಿದೆ. ನೀರು ಆರಿದಾಗ ಉಪ್ಪು ಒಳಗೇ ಹರಳುಗಟ್ಟಿ ಕಲ್ಲನ್ನು ಒಡೆಯುತ್ತದೆ. ನಾನು ಕಾಗದ ನೆನೆಸಿ, ಅರೆದು, ಆ ಮುದ್ದೆಯನ್ನು ಕೆನ್ನೆಗೆ ಮೆತ್ತುತ್ತೇನೆ. ಅದು ಆರುತ್ತಾ ಉಪ್ಪನ್ನು ಹೀರಿಕೊಳ್ಳುತ್ತದೆ. ಒಂದೂವರೆ ವರ್ಷದಿಂದ ಇದೇ ಗೋಳು. ತಿಂಗಳು ತುಂಬುವುದರೊಳಗೆ ಮತ್ತೆ ಬಿಳಿ ಪುಡಿ! ನಮ್ಮ ಸಾಹೇಬರು ನನಗೆ ಕೆಲಸವೇ ಬರುವುದಿಲ್ಲ ಅನ್ನುವ ಹಾಗೆ ನೋಡುತ್ತಾರೆ.

ಮೇಲಿನ ಹೊಲದ ಲಕ್ಕಪ್ಪನ ಕಾಲುವೆಯೇ ಕಾರಣವೆಂದು ಹಟ ಹಿಡಿದೆ. ಅವನು, "ಬಾಯಾರ, ಇದ ನೀರು ನಾವೂ ಕುಡಿತೇವ್ರಿ. ಉಪ್ಪ ಇದ್ರ ನಮ್ಮ ನಾಲಿಗಿಗೆ ತಿಳಿತಿದ್ದಿಲ್ಲೇನ್ರಿ?" ಎಂದ. ನಾನು ಕೇಳಲಿಲ್ಲ, ಕಾಲುವೆ ಮುಚ್ಚಿಸಿದೆ. ಅವನ ಗೋವಿನಜೋಳ ಅರ್ಧ ಒಣಗಿತು. ಆಮೇಲೆ ಉಪ್ಪಿನ ಪರೀಕ್ಷೆಯ ವರದಿ ಬಂತು: ಅದು ಅಡುಗೆಯ ಉಪ್ಪು, ಕಾಲುವೆಯ ನೀರಿನದಲ್ಲ. ಲಕ್ಕಪ್ಪನ ಮನೆಗೆ ಹೋಗಿ ತಪ್ಪಾಯಿತೆಂದೆ. ಅವನ ಹೆಂಡತಿ ಚಹಾ ಕೊಟ್ಟು ಒಳಗೆ ಹೋದಳು.

ನಿನ್ನೆ, ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ, ಹಿಂದಿನಿಂದ ಬಂಡೆ ಹತ್ತಿದೆ. ಮೂರನೆಯ ಅಕ್ಕನ ತಲೆಯ ಮೇಲಿನ ಸೀಳಿನಲ್ಲಿ ಬಟ್ಟೆಯ ಗಂಟುಗಳನ್ನು ತುರುಕಿದ್ದರು. ಹಳೆಯವುಗಳಲ್ಲಿ ಉಪ್ಪು ಕರಗಿ ಬರೀ ಬಟ್ಟೆ ಉಳಿದಿತ್ತು. ಹೊಸದರಲ್ಲಿ ಇನ್ನೂ ಒಂದು ಸೇರಿನಷ್ಟು ಉಪ್ಪಿತ್ತು. ಕಾವಲುಗಾರ ದಾದಾಪೀರನನ್ನು ತರಾಟೆಗೆ ತೆಗೆದುಕೊಂಡೆ. "ಅಮಾಸಿಗೊಮ್ಮಿ ಹೆಣ್ಮಕ್ಕಳು ಬಂದು ಇಡ್ತಾರ್ರಿ. ಮೈಮ್ಯಾಲಿನ ಬಿಳಿ ಕಲಿ ಉಪ್ಪಿನಂಗ ಕರಗಲಿ ಅಂತ ಹರಕಿ. ಯಾರ ಸಲುವಾಗಿ ಇಡ್ತಾರೋ ಅವರಿಗೆ ಹೇಳಂಗಿಲ್ಲಂತ. ಅವರ ದೇವ್ರು, ನಾ ಹೆಂಗ ಬ್ಯಾಡ ಅನ್ಲಿ?" ಎಂದ.

ಗಂಟುಗಳ ಬಟ್ಟೆ ಒಂದೊಂದು ಒಂದೊಂದು ಥರ. ಹದಿನೈದು ಮಾತ್ರ ಒಂದೇ, ನೀಲಿ ಚೌಕಳಿಯವು. ಏಳನೆಯ ಇಯತ್ತೆಯಲ್ಲಿ ನಾನು ತೊಡುತ್ತಿದ್ದ ಲಂಗ. ಅಂಚಿಗೆ ನೀನು ಕೆಂಪು ದಾರದಲ್ಲಿ ಹಾಕಿದ ಹೊಲಿಗೆ ಇನ್ನೂ ಗಟ್ಟಿಯಾಗಿದೆ.

ನಮ್ಮೂರು ಹಿರೇಬೆಂಡಿಗೇರಿಯಿಂದ ಬಸ್ಸು ಬದಲಿಸಿ, ನನಗೆ ರಜೆಯಿರುವ ಅಮಾವಾಸ್ಯೆಯ ದಿನವೇ ನೋಡಿ ಬಂದು, ನನ್ನನ್ನು ಮಾತಾಡಿಸದೆ ಹೋಗಿದ್ದೀಯಲ್ಲ! ನಾನು ಕೆಳಗೆ ಉಪ್ಪು ತೆಗೆಯುವುದು, ನೀನು ಮೇಲೆ ಇಡುವುದು. ನನ್ನ ಕೈಯ ಬಿಳಿ ಕಲೆಗೆ ಆ ಅಕ್ಕ ಏನು ಮಾಡಿದ್ದಳು? ನಿನ್ನೊಬ್ಬಳದೇ ತಪ್ಪಲ್ಲ, ಗೊತ್ತು. ಆದರೂ ಸಿಟ್ಟು ಬರುತ್ತದೆ ಅವ್ವಾ, ಅಳುವೂ ಬರುತ್ತದೆ. ಸಾಹೇಬರಿಗೆ ಕೊಟ್ಟ ವರದಿಯಲ್ಲಿ ನೀಲಿ ಗಂಟುಗಳ ಮಾತೆತ್ತಿಲ್ಲ. ಅವು ನನ್ನ ಟ್ರಂಕಿನಲ್ಲಿವೆ.

ಇನ್ನು ಇಡಬೇಡ. ಆ ಸೀಳಿಗೆ ಸುಣ್ಣದ ಗಾರೆ ತುಂಬಿಸುತ್ತೇನೆ. ಉದುರಿದ ಕೆನ್ನೆ ಮಾತ್ರ ಮತ್ತೆ ಬರುವುದಿಲ್ಲ.

ನಿನ್ನ ಮಗಳು,
ಸವಿತಾ

ತಾ.ಕ.: ಯುಗಾದಿಗೆ ರಜೆ ಸಿಗಲಿಲ್ಲ ಎಂದದ್ದು ಸುಳ್ಳು. ಕಲೆ ನನ್ನ ಕೆನ್ನೆಗೂ ಬಂದು ನಾಲ್ಕು ತಿಂಗಳಾಯಿತು. ನಿನಗೆ ಮುಖ ತೋರಿಸಲು ಧೈರ್ಯವಾಗಲಿಲ್ಲ. ಮುಂದಿನ ಅಮಾವಾಸ್ಯೆಗೆ ಬಾ, ಬಂಡೆಗಲ್ಲ, ನನ್ನ ಖೋಲಿಗೆ. ರೊಟ್ಟಿ ಕಟ್ಟಿಕೊಂಡು ಬಾ. ಉಪ್ಪು ನನ್ನಲ್ಲಿ ಬೇಕಾದಷ್ಟಿದೆ.