ತೇಲದ ನೊಣ

ಮಾರ್ಚ್ ಆರು

ನಮ್ಮ ಮನೆಯವರಿಗೆ,

ನಿಮ್ಮವಳ ನಮಸ್ಕಾರ. ನಾನು ಕ್ಷೇಮ. ನಿಮ್ಮ ಎರಡು ಕಾಗದಗಳೂ ಬಂದಿವೆ. ಉತ್ತರ ಬರೆಯದೆ ಕೂತಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಅಂಗಡಿಗೆ ಒಂದು ನಾಟಕ ಕಂಪನಿಯವರ ಕೆಲಸ ಬಂದಿತ್ತು. ರಾಜನಿಗೆ, ಮುದುಕಿಗೆ, ಕಳ್ಳನಿಗೆ, ಎಲ್ಲರಿಗೂ ಒಂದೇ ವಾರದಲ್ಲಿ ವಿಗ್ ಬೇಕಂತೆ. ಹಗಲೆಲ್ಲ ಬಲೆಗೆ ಒಂದೊಂದೇ ಕೂದಲು ಗಂಟು ಹಾಕಿ, ಸಂಜೆ ಪೆನ್ನು ಹಿಡಿದರೆ ಬೆರಳು ಅಕ್ಷರಕ್ಕೂ ಗಂಟು ಹಾಕಲು ಹೋಗುತ್ತದೆ.

ನೀವು ರಿಪೇರಿ ನೋಡಿಕೊಳ್ಳುವ ಆಸ್ಪತ್ರೆಯ ಮೂರನೇ ಲಿಫ್ಟು ಈಗಲಾದರೂ ಹೇಳಿದ ಮಾತು ಕೇಳುತ್ತಿದೆಯೇ? ಅದರ ಚಿಂತೆಯಲ್ಲಿ ಊಟ ಬಿಡಬೇಡಿ. ಬಿಸಿಲಿಗೆ ಹೋಗುವಾಗ ತಲೆಗೆ ಟೋಪಿ ಇರಲಿ. ವಿಗ್ ಮಾಡುವವಳ ಗಂಡನ ತಲೆ ಬೋಳು ಎಂದು ನಗುವವರು ಆ ಊರಲ್ಲೂ ಹುಟ್ಟಿಕೊಂಡಿರುತ್ತಾರೆ.

ಜುಲೈಯಲ್ಲಿ ಬಂದು ಮನೆ ಖಾಲಿ ಮಾಡಿ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೀರಿ. ಅಲ್ಲಿಯವರೆಗೆ ಹೊಳೆಯ ಕಡೆ ತಲೆ ಹಾಕಬೇಡ ಎಂದೂ ಬರೆದಿದ್ದೀರಿ. ಮೊದಲನೆಯದಕ್ಕೆ ಈಗಲೇ ಹೂಂ ಅನ್ನಲಾರೆ. ಎರಡನೆಯದನ್ನು ಆಗಲೇ ಮೀರಿಬಿಟ್ಟಿದ್ದೇನೆ. ನಾನು ಮೀನು ಹಿಡಿಯುವುದನ್ನು ಕಲಿಯುತ್ತಿದ್ದೇನೆ.

ನಗಬೇಡಿ, ಪೂರ್ತಿ ಕೇಳಿ. ನೀವು ಹೋದ ಮೇಲೆ ದಿನಾ ಆ ಬಂಡೆಯ ಹತ್ತಿರ ಹೋಗುತ್ತಿದ್ದೆ. ನಮ್ಮ ಎಡಚಿ ಟವೆಲ್ಲು, ಚಪ್ಪಲಿ ಬಿಟ್ಟು ಈಜಲು ಇಳಿದಳಲ್ಲ, ಅದೇ ಬಂಡೆ. ಮೊಣಕಾಲುದ್ದ ನೀರಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ, ಅಷ್ಟೇ. ಆದರೆ ಮಗಳು ವಾಪಸ್ ಬರದ ಹೊಳೆಯಲ್ಲಿ ತಾಯಿ ನಿಂತರೆ ಜನ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಹಾಲಿನ ವ್ಯಾನಿನವನು ರಟ್ಟೆ ಹಿಡಿದು ದಡಕ್ಕೆ ಎಳೆದು ಹಾಕಿದ. ಎದುರು ಮನೆಯಾಕೆ ಪೊಲೀಸರಿಗೆ ಹೇಳಿದಳು. ಅವರು ಬಂದು ಕುರ್ಚಿ ಎಳೆದುಕೊಂಡು ಕೂತು ಬುದ್ಧಿ ಹೇಳಿ ಹೋದರು.

ಅದೇ ಹೊಳೆಯಲ್ಲಿ ನಮ್ಮ ಬೀದಿಯ ಕ್ಷೌರದಂಗಡಿಯವರು ರಜೆಯ ದಿನ ಸೊಂಟದವರೆಗೆ ಇಳಿದು ನಿಂತಿರುತ್ತಾರೆ. ಅವರನ್ನು ಯಾರೂ ಎಳೆಯುವುದಿಲ್ಲ. "ಏನಾದ್ರೂ ಸಿಕ್ತಾ?" ಎಂದು ಕೇಳಿ ಮುಂದೆ ಹೋಗುತ್ತಾರೆ. ಕೈಯಲ್ಲಿ ಗಾಳದ ಕೋಲು ಇದೆಯಲ್ಲ. ನಾನು ಅವರ ಅಂಗಡಿಗೆ ಹೋಗಿ, ನನಗೂ ಕಲಿಸಿ ಎಂದೆ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದವರು ಕನ್ನಡಿಯೊಳಗಿಂದ ನನ್ನನ್ನೇ ನೋಡಿದರು. ಬೇಡ ಅನ್ನಲು ಅವರಿಗೆ ಬಾಯಿ ಬರಲಿಲ್ಲ ಅನಿಸುತ್ತದೆ. ಎಡಚಿ ನೀರಿಗೆ ಇಳಿಯುವ ಹಿಂದಿನ ದಿನ ಅವಳ ಜಡೆ ಕತ್ತರಿಸಿದವರು ಅವರೇ. "ಈಜೋವಾಗ ಕಣ್ಣಿಗೆ ಬರುತ್ತೆ, ಕುತ್ತಿಗೆ ತನಕ ಮಾಡಿ" ಅಂದಿದ್ದಳಂತೆ. ಆ ಜಡೆಯನ್ನು ಮನೆಗೆ ತಂದು ನನ್ನ ಮಡಿಲಿಗೆ ಎಸೆದು, "ತಗೋ, ಯಾರ ತಲೆಗಾದ್ರೂ ಹೊಲಿ" ಅಂದಿದ್ದು ನಿಮಗೂ ನೆನಪಿರಬೇಕು.

ಇವರದು ಎರೆಹುಳು ಸಿಕ್ಕಿಸಿ ಕೂರುವ ಗಾಳವಲ್ಲ. ಸಣ್ಣ ಕೊಕ್ಕೆಗೆ ಗರಿ, ದಾರ ಸುತ್ತಿ ನೊಣದ ಹಾಗೆ ಮಾಡುತ್ತಾರೆ. ನೀರಿನ ಮೇಲೆ ಆ ಹೊತ್ತಿಗೆ ಯಾವ ಹುಳ ಹಾರುತ್ತಿದೆಯೋ ಅದರದೇ ನಕಲು. "ಮೀನಿಗೆ ಗೊತ್ತಿರೋದನ್ನೇ ಕಳಿಸ್ಬೇಕು ಅಕ್ಕ. ಗೊತ್ತಿಲ್ಲದ್ದಕ್ಕೆ ಅದು ಬಾಯಿ ಹಾಕಲ್ಲ" ಅನ್ನುತ್ತಾರೆ. ನೊಣಕ್ಕೆ ತೂಕವೇ ಇಲ್ಲ, ದಾರಕ್ಕೆ ತೂಕ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ನನಗೆ ಆ ಕಾಯುವುದೇ ಬರುವುದಿಲ್ಲ. ಮಣಿಕಟ್ಟು ಬಾಗಬಾರದು ಎಂದು ಕ್ಷೌರದ ಬಟ್ಟೆ ಹರಿದು ನನ್ನ ಕೈಯನ್ನೇ ಕೋಲಿಗೆ ಕಟ್ಟಿಬಿಟ್ಟರು. ಹಿತ್ತಲಲ್ಲಿ ಅಭ್ಯಾಸ ಮಾಡುವಾಗ ದಾರ ಪಕ್ಕದ ಮನೆಯವರ ಒಗೆದ ಬಟ್ಟೆಗೆ ಸಿಕ್ಕಿ, ಅವರ ಯಜಮಾನರ ಬನಿಯನ್ನು ನಮ್ಮ ಹಿತ್ತಲಿಗೆ ಹಾರಿ ಬಂತು. ಮೊದಲ ಬೇಟೆ ಎಂದು ಕ್ಷೌರದವರು ನಕ್ಕರು. ಬಹಳ ದಿನದ ಮೇಲೆ ನಾನೂ ನಕ್ಕೆ.

ಹಿಡಿದ ಮೀನನ್ನು ಅವರು ತಿನ್ನುವುದಿಲ್ಲ. ಕೊಕ್ಕೆಯ ಮುಳ್ಳನ್ನು ಅರದಿಂದ ಉಜ್ಜಿ ತೆಗೆದಿರುತ್ತಾರೆ. ಮೀನನ್ನು ಬಿಡಿಸಿ, ಅದಕ್ಕೆ ಉಸಿರು ಬರುವವರೆಗೆ ನೀರಲ್ಲಿ ಹಿಡಿದಿದ್ದು, ಬಿಟ್ಟುಬಿಡುತ್ತಾರೆ. ಹೊಳೆ ಕೊಟ್ಟದ್ದನ್ನು ಹೊಳೆಗೆ ವಾಪಸ್ ಕೊಡುವುದು ನೋಡಿ ನನಗೆ ಹೊಟ್ಟೆ ಉರಿಯಿತು. ಆ ಹೊಳೆಗೆ ಅಂಥ ಬುದ್ಧಿ ಇಲ್ಲವಲ್ಲ.

ಇಂತಿ ನಿಮ್ಮವಳು

ಮೇ ಎರಡು

ನಮ್ಮ ಮನೆಯವರಿಗೆ ನಮಸ್ಕಾರ.

ಇದನ್ನು ಓದಿ ಹೆದರಿಕೊಂಡು ಬಸ್ಸು ಹತ್ತಬೇಡಿ. ನನಗೆ ತಲೆ ಸರಿಯಾಗಿಯೇ ಇದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೋದ ತಿಂಗಳು ಕ್ಷೌರದವರು ನನಗೂ ನೊಣ ಕಟ್ಟುವುದನ್ನು ಹೇಳಿಕೊಟ್ಟರು. ಇಷ್ಟು ವರ್ಷ ಕೊಕ್ಕೆ ಸೂಜಿಯಲ್ಲೇ ಬದುಕಿದವಳು ನಾನು, ಆ ಕೆಲಸ ನನಗೆ ನೀರು ಕುಡಿದಷ್ಟು ಸುಲಭವಾಯಿತು. ಒಂದು ಸಂಜೆ ಮನೆಯಲ್ಲಿ ಕಟ್ಟುತ್ತಾ ಕೂತಾಗ ಗರಿ ಮುಗಿಯಿತು. ಕೈ ತಾನಾಗಿಯೇ ಕಪಾಟಿಗೆ ಹೋಗಿ ಎಡಚಿಯ ಜಡೆಯಿಂದ ಒಂದು ಎಳೆ ತೆಗೆದು ಸುತ್ತಿಬಿಟ್ಟಿತು. ಆ ಜಡೆಯನ್ನು ಯಾರ ತಲೆಗೂ ಹೊಲಿಯಲಾಗದೆ ಇಟ್ಟಿದ್ದೆ.

ಮಾರನೆಯ ದಿನ ಅದನ್ನು ನೋಡಿ ಕ್ಷೌರದವರು, "ಇದು ತೇಲಲ್ಲ ಅಕ್ಕ. ಗರಿ ನೀರನ್ನ ತಳ್ಳುತ್ತೆ, ಕೂದಲು ಕುಡಿಯುತ್ತೆ. ತಳಕ್ಕೆ ಹೋಗುತ್ತೆ ನೋಡಿ" ಅಂದರು. ವಿಗ್ ಕೆಲಸದವಳಿಗೆ ಕೂದಲು ತಲೆಯ ಮೇಲೆ ಹೇಗೆ ಕೂರುತ್ತದೆ ಎಂಬುದು ಗೊತ್ತೇ ಹೊರತು, ನೀರ ಮೇಲೆ ಕೂರುವುದಿಲ್ಲ ಎಂದು ಹೊಳೆಯಲೇ ಇಲ್ಲ. ಆದರೂ ಬೀಸಿದೆ. ಬಂಡೆಯ ಕೆಳಗಿನ ಮಡುವಿನಲ್ಲಿ ನೊಣ ಒಂದು ಕ್ಷಣ ನಿಂತು, ಆಮೇಲೆ ಮುಳುಗಿತು. ಕಣ್ಣಿಗೆ ಕಾಣದಾದ ಮೇಲೂ ದಾರ ಇಳಿಯುತ್ತಲೇ ಇತ್ತು. ಮಟ ಮಟ ಮಧ್ಯಾಹ್ನ. ಅಷ್ಟು ಹೊತ್ತು ಕೂಗುತ್ತಿದ್ದ ಹಕ್ಕಿಗಳು ಸುಮ್ಮನಾದವೋ ನನಗೆ ಕೇಳಿಸದೆ ಹೋಯಿತೋ, ಹೇಳಲಾರೆ.

ದಾರವನ್ನು ಯಾರೋ ಎರಡು ಸಲ ಎಳೆದರು.

ಮೀನು ಎಳೆದರೆ ಹೇಗಿರುತ್ತದೆ ಎಂದು ಅಷ್ಟರಲ್ಲಿ ಕಲಿತಿದ್ದೆ. ಅದು ಕಿತ್ತುಕೊಂಡು ಓಡುತ್ತದೆ. ಇದು ಹಾಗಲ್ಲ. ಅಂಗಡಿಯಲ್ಲಿ ನನ್ನ ಪಕ್ಕ ಕೂತು ವಿಗ್ ಕಟ್ಟುವಾಗ ಏನಾದರೂ ತೋರಿಸಬೇಕಾದರೆ ಎಡಚಿ ಬಾಯಿ ಬಿಡದೆ ನನ್ನ ತೋಳನ್ನು ಎರಡು ಸಲ ಮೆಲ್ಲಗೆ ಎಳೆಯುತ್ತಿದ್ದಳಲ್ಲ, ಹಾಗೆ. ದಾರ ಸುತ್ತಿಕೊಂಡು ನೋಡಿದರೆ ತುದಿಯಲ್ಲಿ ನೊಣವಿಲ್ಲ. ಕ್ಷೌರದವರು ದಾರದ ತುದಿಯನ್ನು ಬೆರಳಲ್ಲಿ ಹೊರಳಿಸಿ ಹೊರಳಿಸಿ ನೋಡಿದರು. "ಮೀನು ದಾರ ಹರಿಯುತ್ತೆ. ಗಂಟು ಬಿಚ್ಚಲ್ಲ" ಅಂದರು. ಆ ದಿನ ಬೇಗ ಮನೆಗೆ ಹೋಗೋಣ ಎಂದವರೂ ಅವರೇ.

ಮುಂದಿನ ರಜೆಯ ದಿನ ಅವರಿಗೆ ನೆಗಡಿ. ನಾನೊಬ್ಬಳೇ ಹೋದೆ. ಬೇಕೆಂದೇ ಬರೀ ದಾರ ಬೀಸಿದೆ, ತುದಿಗೆ ಏನೂ ಕಟ್ಟಲಿಲ್ಲ. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಅದೇ ಮಡುವಿನಲ್ಲಿ ಮತ್ತೆ ಎರಡು ಸಲ ಎಳೆದ ಹಾಗಾಯಿತು. ದಾರ ಸುತ್ತಿಕೊಂಡಾಗ ತುದಿಯಲ್ಲಿ ನೊಣ ಇತ್ತು. ಕೊಕ್ಕೆ ನನ್ನದೇ, ಮುಳ್ಳು ಉಜ್ಜಿದ ಗುರುತೂ ಇತ್ತು. ಆದರೆ ಕಟ್ಟು ನನ್ನದಲ್ಲ. ನಾನು ಕಟ್ಟಿದ್ದನ್ನು ಬಿಚ್ಚಿ, ಇನ್ನೂ ಅಚ್ಚುಕಟ್ಟಾಗಿ, ಬೇರೊಂದು ಕೂದಲಿನಿಂದ ಕಟ್ಟಿತ್ತು. ಗಂಟುಗಳು ಎಡಕ್ಕೆ ಮಲಗಿದ್ದವು.

ಅವಳು ಕಟ್ಟಿದ ವಿಗ್ಗಿನಲ್ಲಿ ಬೈತಲೆ ಉಲ್ಟಾ ಬೀಳುತ್ತದೆ ಎಂದು ಅಂಗಡಿಯ ಯಜಮಾನರು ಎಷ್ಟು ಸಲ ಬೈದಿಲ್ಲ. ಎಡಗೈಯವರ ಗಂಟು ಎಡಕ್ಕೇ ಮಲಗುವುದು. ನೀವೂ ಎಡಗೈಯವರೇ. ಕಾಗದ ಹರಿದರೂ ಹರಿಯಿರಿ, ಹೇಳಿಬಿಡುತ್ತೇನೆ: ಒಂದು ಗಳಿಗೆ ನಿಮ್ಮ ಮೇಲೇ ಅನುಮಾನ ಬಂತು. ಕದ್ದು ಬಂದು ಹೆಂಡತಿಗೆ ಸಮಾಧಾನ ಮಾಡುತ್ತಿದ್ದೀರೇನೋ ಎಂದು. ಆಮೇಲೆ ನಿಮ್ಮ ತಲೆ ನೆನಪಾಯಿತು. ಆ ಕೂದಲು ಅಲ್ಲಿಂದ ಬರುವ ಮಾತೇ ಇಲ್ಲ.

ಕಟ್ಟು ಬಿಚ್ಚಿ, ದೀಪದ ಕೆಳಗೆ ಕೂದಲನ್ನು ಚಾಚಿ ನೋಡಿದೆ. ಗೇಣಿಗಿಂತ ಸ್ವಲ್ಪ ಉದ್ದವಿತ್ತು. ಒಂದು ಕೊನೆಯಲ್ಲಿ ಸಾಸಿವೆಗಿಂತ ಸಣ್ಣದೊಂದು ಬಿಳಿ ಬೇರು. ಕಪಾಟಿನ ಜಡೆ ಕತ್ತರಿಸಿದ್ದು, ಅದರಲ್ಲಿ ಬೇರು ಇರುವ ಒಂದೇ ಒಂದು ಕೂದಲೂ ಇಲ್ಲ, ಎಲ್ಲ ಎಳೆಯನ್ನೂ ಬಿಡಿಸಿ ನೋಡಿದೆ. ಇದು ತಲೆಯಿಂದ ಕಿತ್ತ ಕೂದಲು.

ಬೇಗ ಕಾಗದ ಬರೆಯಿರಿ. ಏನಾದರೂ ಬರೆಯಿರಿ, ಲಿಫ್ಟಿನ ವಿಚಾರವಾದರೂ ಆದೀತು.

ನಿಮ್ಮವಳು

ಜುಲೈ ಎಂಟು

ನಮ್ಮ ಮನೆಯವರಿಗೆ ನಮಸ್ಕಾರ.

ಮತ್ತೆ ತಡ ಮಾಡಿದೆ, ಕ್ಷಮಿಸಿ. ನಿಮ್ಮ ಕಾಗದ ಬಂತು. ಡಾಕ್ಟರ ವಿಳಾಸ ಬರೆದು ಕಳಿಸಿದ್ದೀರಿ. ನಾನು ಕೋಪ ಮಾಡಿಕೊಂಡಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಹೋಗಿ ತೋರಿಸಿಕೊಂಡು ಬಂದೆ. ನಿದ್ದೆಗೆ ಗುಳಿಗೆ ಕೊಟ್ಟರು, ತಿರುಗಾಡುವ ಹವ್ಯಾಸ ಯಾವುದಾದರೂ ಇದೆಯೇ ಎಂದು ಕೇಳಿದರು. ಮೀನು ಹಿಡಿಯುತ್ತೇನೆ ಎಂದೆ. ಬಹಳ ಒಳ್ಳೆಯದು, ಬಿಡಬೇಡಿ ಅಂದರು.

ನನ್ನ ಒಬ್ಬಳ ಮಾತು ಬೇಡ ಎಂದು ಆ ಕೂದಲನ್ನು ಕ್ಷೌರದವರಿಗೆ ತೋರಿಸಿದೆ. ಯಾರದೆಂದು ಹೇಳಲಿಲ್ಲ, ಎಲ್ಲಿ ಸಿಕ್ಕಿತೆಂದೂ ಹೇಳಲಿಲ್ಲ. ಅಂಗಡಿಯ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಬೇರಿನ ಕಡೆ ನೋಡಲೇ ಇಲ್ಲ, ಇನ್ನೊಂದು ತುದಿ ನೋಡಿದರು.

"ಇದು ನಾನು ಕೊಯ್ದಿರೋದು" ಅಂದರು.

"ಹೇಗೆ ಹೇಳ್ತೀರಿ?"

"ತುದಿ ಓರೆಯಾಗಿದೆ ನೋಡಿ. ಅವತ್ತು ಕತ್ತರಿ ಸಾಣೆಗೆ ಕೊಟ್ಟಿದ್ದೆ. ಪಾಪ ಹುಡುಗಿ ಅವಸರ ಮಾಡ್ತು ಅಂತ ರೇಜರಿನಲ್ಲೇ ಕೊಯ್ದೆ. ಹೆಣ್ಣುಮಕ್ಕಳ ಕೂದಲನ್ನ ರೇಜರಿನಲ್ಲಿ ಕೊಯ್ದಿದ್ದು ಅದೊಂದೇ ಸಲ ಅಕ್ಕ." ಅಷ್ಟು ಹೇಳಿ ಕೂದಲನ್ನು ನನ್ನ ಅಂಗೈಯಲ್ಲಿ ಇಟ್ಟು, ಕೈಯನ್ನು ಬಿಸಿನೀರಿನಲ್ಲಿ ತೊಳೆದುಕೊಂಡರು. ಕುರ್ಚಿಯಲ್ಲಿದ್ದ ಗಿರಾಕಿ ಎಷ್ಟು ಕರೆದರೂ ತಿರುಗಲಿಲ್ಲ. ಸಂಜೆ ಅವರ ಗಾಳದ ಕೋಲು, ಉದ್ದನೆಯ ರಬ್ಬರ್ ಬೂಟು, ಗರಿಯ ಡಬ್ಬಿ ಎಲ್ಲ ನಮ್ಮ ಮನೆಗೆ ಬಂತು. "ನೀವೇ ಇಟ್ಕೊಳ್ಳಿ. ನನಗೆ ಇನ್ನು ಆ ನೀರಿಗೆ ಇಳಿಯೋಕಾಗಲ್ಲ" ಅಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

ಅವರಿಗೆ ಹೆದರಿಕೆ. ನನಗೂ ಇಲ್ಲವೆಂದಲ್ಲ. ಮೊದಮೊದಲು ದಾರ ಎಳೆದಾಗ ಮೈಯೆಲ್ಲ ಮುಳ್ಳೇಳುತ್ತಿತ್ತು. ಈಗ ಎಳೆಯದ ದಿನ ಹೆದರಿಕೆಯಾಗುತ್ತದೆ. ಬೀಸುವುದು ಈಗ ಚೆನ್ನಾಗಿ ಬರುತ್ತದೆ. ದಾರ ಬೆನ್ನ ಹಿಂದೆ ಬಿಚ್ಚಿಕೊಳ್ಳುವವರೆಗೆ ಕಾಯುವುದನ್ನೂ ಕಲಿತೆ. ದಾರಿಹೋಕರು "ಏನಾದ್ರೂ ಸಿಕ್ತಾ ಅಮ್ಮ?" ಅನ್ನುತ್ತಾರೆ. ಇಲ್ಲ ಅನ್ನುತ್ತೇನೆ. ನಾನು ಒಂದು ನೊಣ ಕಳಿಸುತ್ತೇನೆ, ಅವಳೊಂದು ಕಳಿಸುತ್ತಾಳೆ. ಅಂಗಡಿಯಲ್ಲೂ ಹಾಗೇ ಅಲ್ಲವೇ, ಒಂದು ಸಾಲು ನಾನು, ಒಂದು ಸಾಲು ಅವಳು. ನನ್ನ ಕೆಲಸದಲ್ಲಿ ಸಡಿಲವಿದ್ದರೆ ಬಿಚ್ಚಿ ತಿದ್ದಿ ಕಳಿಸುತ್ತಾಳೆ. ಆ ಹುಡುಗಿಗೆ ಆ ಚಾಳಿ ಮೊದಲಿನಿಂದಲೂ ಇತ್ತು.

ನೀವು ಇದೇ ಇಪ್ಪತ್ತಕ್ಕೆ ಲಾರಿ ಹೇಳಿಕೊಂಡು ಬರುತ್ತೇನೆ ಎಂದಿದ್ದೀರಿ. ನೀವು ಬನ್ನಿ, ಲಾರಿ ಬೇಡ. ನಾನು ಈ ಹೊಳೆ ಬಿಟ್ಟು ಬರುವುದಿಲ್ಲ. ಬೂಟು ಎರಡು ಜೊತೆ ಇವೆ, ಕ್ಷೌರದವರದು ನಿಮಗೆ ಸರಿಹೋಗುತ್ತದೆ. ಒಂದೇ ಒಂದು ಸಲ ನನ್ನ ಪಕ್ಕದಲ್ಲಿ ಇಳಿದು ನಿಂತು ದಾರ ಹಿಡಿದು ನೋಡಿ. ಆಮೇಲೂ ನನಗೆ ಹುಚ್ಚು ಎಂದರೆ, ನಿಮ್ಮ ಮಾತು ಮೀರುವುದಿಲ್ಲ.

ನೀರು ಕಾಯಿಸಿ ಕುಡಿಯಿರಿ. ಮಂಡಿ ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ನೂರು ಕಾಲ ಚೆನ್ನಾಗಿರಿ, ದೇವರು ನಿಮ್ಮನ್ನು ನೆಮ್ಮದಿಯಾಗಿ ಇಟ್ಟಿರಲಿ. ಇದನ್ನು ಕೋಪದಲ್ಲಿ ಬರೆದಿಲ್ಲ.

ಯಾವತ್ತಿಗೂ ನಿಮ್ಮವಳು

ಮರೆತಿದ್ದು: ಲಕೋಟೆ ಅಂಟಿಸುವ ಮೊದಲು ಇವತ್ತು ಬಂದ ನೊಣವನ್ನು ಬಿಚ್ಚಿ ನೋಡಿದೆ. ಅದೇ ಓರೆ ತುದಿ, ಅದೇ ಬಿಳಿ ಬೇರು. ಏಪ್ರಿಲಿನ ಕೂದಲಿನ ಪಕ್ಕದಲ್ಲಿಟ್ಟರೆ ಇವತ್ತಿನದು ಎರಡು ಬೆರಳಷ್ಟು ಹೆಚ್ಚು ಉದ್ದವಿದೆ. ಕೂದಲು ತಿಂಗಳಿಗೆ ಎಷ್ಟು ಬೆಳೆಯುತ್ತದೆ ಎಂದು ನನ್ನ ಜೊತೆ ಬಾಳಿದ ನಿಮಗೂ ಗೊತ್ತು. ಆಸ್ಪತ್ರೆಯ ಲಿಫ್ಟಿನಲ್ಲಿ ಯಾರೋ ಗುರುತಿಲ್ಲದವರು ಸಿಕ್ಕಿಕೊಂಡರೂ, ಅವರನ್ನು ಹೊರಗೆ ತರುವವರೆಗೆ ನೀವು ತಟ್ಟೆಯ ಮುಂದೆ ಕೂರುವವರಲ್ಲ. ಅವಳನ್ನು ಹುಡುಕಿದ ಆ ದಿನ ದಡದಲ್ಲಿ ಮುಳುಗುಗಾರರು ಇನ್ನೊಂದು ಸಲ ಇಳಿಯಲು ಸಿದ್ಧರಾಗಿ ನಿಂತಿದ್ದರು. ನನ್ನನ್ನು ಒಂದು ಮಾತು ಕೇಳದೆ "ಸಾಕು ಬಿಡಿ" ಅಂದವರು ನೀವು. ಅವಳಿನ್ನೂ ಸಾಕು ಅಂದಿಲ್ಲ.