ಮೂರನೇ ಭಾನುವಾರವೂ ಅದೇ ಮ್ಯಾಚು

ಹದಿನಾರು ಗ್ರಾಮ, ನಂಜನಗೂಡು ತಾಲ್ಲೂಕು
26-9-2025, ಶುಕ್ರವಾರ

ಪ್ರೀತಿಯ ತಮ್ಮ ಪ್ರೇಮ್‌ಕುಮಾರನಿಗೆ, ಅಣ್ಣ ಚಿಕ್ಕಮಾದು ಬರೆಯುವುದು.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ನಾನು ಇಷ್ಟಪಟ್ಟು ಬರೆಯುತ್ತಿರುವುದಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಗೆ ನಿನ್ನ ಮಗಳು ಸಂಘಮಿತ್ರಾ ಪೆನ್ನು ಕೊಟ್ಟು, ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. "ಫೋನಲ್ಲಾದ್ರೆ ನೀನು ಕಿರುಚ್ತೀಯ ದೊಡ್ಡಪ್ಪ, ಅದ್ಕೇ ಅಪ್ಪ ಎತ್ತಲ್ಲ. ಪೇಪರ್ ಮೇಲೆ ಎಷ್ಟ್ ಬೇಕಾದ್ರೂ ಕಿರುಚ್ಕೊ" ಎಂದಳು. ಬರೆದದ್ದನ್ನು ಫೋಟೋ ಹೊಡೆದು ನಿನ್ನ ವಾಟ್ಸಾಪಿಗೆ ಹಾಕುತ್ತಾಳಂತೆ. ಕೊನೆಗೆ ಫೋನಿನಲ್ಲೇ ಹೋಗುವುದಾದರೆ ನೀನೇ ಒತ್ತಿ ಕಳಿಸಬಾರದೇನೇ ಎಂದರೆ, "ನಿನ್ ಅಕ್ಷರ ಕಂಡ್ರೆ ಅಪ್ಪ ಓದ್ತಾರೆ" ಎನ್ನುತ್ತಾಳೆ. ಗದ್ದೆಗೆ ನೀರು ತಿರುಗಿಸುವ ಹೊತ್ತಿನಲ್ಲಿ ನನ್ನನ್ನು ಹೀಗೆ ಕೂರಿಸಿದ್ದಾಳೆ. ತಪ್ಪಿದ್ದರೆ ನೀನೇ ತಿದ್ದಿಕೊ, ನಾನು ಎರಡನೇ ಸಲ ಓದುವವನಲ್ಲ.

ನಿನ್ನ ಆರೋಗ್ಯ ಹೇಗಿದೆ? ಮಂಡಿನೋವು ಕಡಿಮೆಯಾಯಿತೇ? ಜಮ್ಮುವಿನಲ್ಲಿ ಈ ಸಲ ವಿಪರೀತ ಮಳೆ ಎಂದು ಟಿವಿಯಲ್ಲಿ ತೋರಿಸಿದರು, ನೀವಿರುವ ಕಡೆ ನೀರು ನುಗ್ಗಿತೋ ಇಲ್ಲವೋ ಗೊತ್ತಾಗಲಿಲ್ಲ. ಹುರುಳಿಕಾಳು, ಖಾರದಪುಡಿ ಕಳಿಸಿದ್ದು ಸೇರಿತೇ? ಸೇರಿದ್ದರೆ ಸೇರಿತು ಎನ್ನಲು ಏನು ರೋಗ? ಇಲ್ಲಿ ನಾಟಿ ಮುಗಿದಿದೆ, ನಾಲೆಯಲ್ಲಿ ನೀರಿದೆ. ನಿನ್ನ ಅತ್ತಿಗೆ ಚಲುವಮ್ಮನಿಗೆ ಬಿಪಿ ಜಾಸ್ತಿ, ಅದಕ್ಕೆ ಕಾರಣ ನಾನೇ ಎಂದು ನಂಜನಗೂಡಿನ ಡಾಕ್ಟರ ಮುಂದೆಯೇ ಹೇಳಿದಳು. ನಿನ್ನ ಹೆಂಡತಿ ಪವಿತ್ರ ಚೆನ್ನಾಗಿದ್ದಾಳೆ ಎಂದು ಬರೆಯಬೇಕು, ಬರೆದಿದ್ದೇನೆ. ಮಾತು ಮಾತ್ರ ಕಡಿಮೆ ಮಾಡಿದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಮಿತ್ರಾಳ ನಿಶ್ಚಿತಾರ್ಥ ಎರಡು ಸಲ ಮುಂದಕ್ಕೆ ಹೋಗಿರುವುದು ನಿನಗೆ ಗೊತ್ತು. ಗೊತ್ತಿದ್ದೂ ನೀನು ಒಂದು ಮಾತು ಆಡಿಲ್ಲ. ಹುಡುಗ ಸಿದ್ಧಾರ್ಥ, ಟಿ. ನರಸೀಪುರದ ಮಾರಯ್ಯನ ಮಗ, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಇಬ್ಬರೂ ಒಪ್ಪಿದ್ದಾರೆ. ಅವರದೂ ನಮ್ಮ ಹಾಗೆ ಪಂಚಾಂಗ ಬಿಟ್ಟ ಮನೆ. ಎಲ್ಲರಿಗೂ ರಜ ಇರುವ ದಿನವೇ ಒಳ್ಳೆಯ ದಿನ ಎಂದು ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ ಎಂದು ಗೊತ್ತು ಮಾಡಿದೆವು. ನಿನ್ನನ್ನು ಕೇಳಿದರೆ "ರಜೆ ನೋಡ್ತೀನಿ" ಎಂದೆ. ರಜೆ ಸಿಗಲಿಲ್ಲವೋ, ನೀನು ಕೇಳಲೇ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಹನ್ನೆರಡನೇ ತಾರೀಖು ಸಾಯಂಕಾಲ ನಾನು ಫೋನು ಮಾಡಿದ್ದು ಅದನ್ನು ಕೇಳುವುದಕ್ಕೇ. ಆದರೆ ನನ್ನ ಬಾಯಿಗೆ ಮೊದಲು ಬಂದದ್ದು ಮ್ಯಾಚು. ಭಾನುವಾರ ದುಬೈಯಲ್ಲಿ ಪಾಕಿಸ್ತಾನದ ಮೇಲೆ ಆಟ, ಏನಂತೀಯ ಎಂದೆ. ಅದರಲ್ಲಿ ಏನು ತಪ್ಪು? ನೀನು ಗಡಿ ಕಾಯುವ ಕೆಲಸಕ್ಕೆ ಸೇರಿದ ಮೇಲೆ ಅಸ್ಸಾಮಿನಲ್ಲಿರು, ರಾಜಸ್ಥಾನದಲ್ಲಿರು, ಆ ಎರಡು ಟೀಮು ಆಡುವ ದಿನ ಆಟದ ಅರ್ಧಕ್ಕೆ ನಿನ್ನ ಫೋನು ಬರುತ್ತಿತ್ತು. ಎರಡು ಸಾವಿರದ ಮೂರರಲ್ಲಿ ನೀನು ಹಾಲಿನ ಸೊಸೈಟಿಯ ಫೋನಿಗೆ ಮಾಡಿದ್ದೆ, ನಾನು ಪಂಚೆ ಎತ್ತಿ ಕಟ್ಟಿಕೊಂಡು ಬೀದಿಯುದ್ದಕ್ಕೂ ಓಡಿದ್ದೆ. ನಾವು ಮಾತಾಡುತ್ತಿದ್ದದ್ದಾದರೂ ಏನು? ನೀನು ಅವರ ಬೌಲರಿಗೆ ಬೈಯುವುದು, ನಾನು ನಮ್ಮ ಬ್ಯಾಟ್ಸ್‌ಮನ್‌ಗೆ ಬೈಯುವುದು. ಹಬ್ಬಕ್ಕೆ ಫೋನು ಮಾಡದವನು ಮ್ಯಾಚಿಗೆ ತಪ್ಪಿಸಿದ್ದಿಲ್ಲ. ಅವತ್ತು ಮಾತ್ರ ನೀನು, "ಅಣ್ಣ, ಆ ಮ್ಯಾಚ್ ಸುದ್ದಿ ಇನ್ಮೇಲೆ ನನ್ನತ್ರ ಎತ್ಬೇಡ. ನಂಗೆ ಬ್ಯಾಡ" ಎಂದೆ. ಆಮೇಲೆ ಮಾತಿಗೆ ಮಾತು ಬೆಳೆಯಿತು. ನಾನು ಕಿರುಚಿದೆ, ಕಟ್ ಮಾಡಿದೆ. ನಾನು ಕಿರುಚದೆ ಇದ್ದದ್ದು ಯಾವಾಗ? ಅಷ್ಟಕ್ಕೇ ಫೋನು ಎತ್ತುವುದನ್ನು ಬಿಡುವುದೇ? ಪವಿತ್ರಳಿಗೂ "ಚೆನ್ನಾಗಿದ್ದೀನಿ, ಊಟ ಆಯ್ತು" ಎನ್ನುವುದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಿಲ್ಲವಂತೆ.

ಮಾರನೇ ದಿನ ಮಾರಯ್ಯ, "ಬೀಗರು ಬಂದ್ರಾ?" ಎಂದು ಕೇಳಿದ. ಮೊದಲ ಸಲ ಬಂದಾಗಲೇ ಅವನು, ಹುಡುಗಿಯ ಅಪ್ಪನ ಮುಖ ನಾವು ನೋಡಲೇ ಇಲ್ಲವಲ್ಲ ಎಂದು ಎಳೆದಿದ್ದ. ರಜೆ ಸಿಗಲಿಲ್ಲ ಎಂದರೆ, ನಂಬರು ಕೊಡಿ ನಾನೇ ಮಾತಾಡುತ್ತೇನೆ ಎನ್ನುವ ಆಸಾಮಿ ಅವನು. ನೀನು ಎತ್ತದೇ ಹೋದರೆ? ಅದಕ್ಕೇ ನಾನು, ನಾಳೆ ಇಂಡಿಯಾ-ಪಾಕಿಸ್ತಾನ ಮ್ಯಾಚು ಇದೆ, ಮುಂದಿನ ವಾರ ಇಟ್ಟುಕೊಳ್ಳೋಣ ಎಂದುಬಿಟ್ಟೆ. ಹಳೇ ಕಾಲದಲ್ಲಾಗಿದ್ದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ತೊಂಬತ್ತಾರರ ಬೆಂಗಳೂರು ಮ್ಯಾಚಿನ ದಿನ ಮೂಗೂರಿನ ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಹೆಂಗಸರು ಬಿಟ್ಟರೆ ಒಬ್ಬರಿರಲಿಲ್ಲ, ನೀನೂ ಇದ್ದೆಯಲ್ಲ. ಮಾರಯ್ಯ ಏನೆಂದ ಗೊತ್ತೇ? "ಅಲ್ಲಾ ಚಿಕ್ಕಮಾದಣ್ಣ, ರಾಹುಕಾಲ ಬುಟ್ವಿ, ಗುಳಿಕಕಾಲ ಬುಟ್ವಿ, ಈಗ ನೀವು ಮ್ಯಾಚ್ ಕಾಲ ಅಂತ ಒಸದಾಗಿ ತಂದ್ರಲ್ಲ? ಮ್ಯಾಚಿರದು ರಾತ್ರಿ ಎಂಟ್ ಗಂಟ್ಗೆ, ಎಂಗೇಜ್‌ಮೆಂಟು ಅನ್ನೊಂದ್ ಗಂಟ್ಗೆ. ನೀವೇನ್ ಬ್ಯಾಟಿಂಗ್ ಮಾಡಕ್ ಓಗ್ಬೇಕಾ?" ಆಟ ರಾತ್ರಿಗೆ ಹೋಗಿರುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವನೂ ನಾನಲ್ಲ. ನಮಗೆ ಬೆಳಿಗ್ಗೆಯಿಂದಲೇ ಮ್ಯಾಚು ಕಣಯ್ಯ ಎಂದೆ. ಅವನು ನಕ್ಕು, ಇಪ್ಪತ್ತೊಂದಕ್ಕೆ ಒಪ್ಪಿದ.

ಮ್ಯಾಚಿನ ಹೆಸರು ಹೇಳಿ ದಿನ ತಪ್ಪಿಸಿದ ಮೇಲೆ ಮ್ಯಾಚನ್ನಾದರೂ ನೋಡಬೇಕಲ್ಲ. ಟಿವಿಯನ್ನು ಹಿಂದಿನ ಹಾಗೆ ಬೀದಿಗೆ ಮುಖ ಮಾಡಿ ಇಟ್ಟೆ, ಚಾಪೆ ಹಾಸಿದೆ. ಬಂದವಳು ಪಕ್ಕದ ಮನೆ ಮಂಚಮ್ಮ ಒಬ್ಬಳೇ. "ಧಾರಾವಾಹಿ ಹಾಕ್ಲಾ ಮಾದಣ್ಣ, ಇವ್ರು ದಿನಾ ಆಡ್ತಾರೆ" ಎಂದಳು. ಅವಳ ಮೊಮ್ಮಗ ದೀಪಕ್, ಡಿಗ್ರಿ ಓದುವವನು, "ಅದನ್ನ ನೋಡ್ಬಾರ್ದು ತಾತ, ನಾವು ಬಾಯ್ಕಾಟು" ಎಂದು ಎದೆಯುಬ್ಬಿಸಿಕೊಂಡು ಹೋದ. ಅರ್ಧ ಗಂಟೆಗೆ ಕಿಟಕಿಯಲ್ಲಿ ತಲೆ ಹಾಕಿ, "ಎಷ್ಟಕ್ಕೆ ಎಷ್ಟು?" ಎಂದು ಕೇಳಿದ. ಬಾಯ್ಕಾಟು ಮಾಡಿದವನಿಗೆ ಸ್ಕೋರು ಯಾಕೆ ಬೇಕಲಾ ಎಂದು ಬೈದು ಕಳಿಸಿದೆ. ನಮ್ಮವರು ಗೆದ್ದರು. ಬೀದಿಯಲ್ಲಿ ಒಂದು ಪಟಾಕಿ ಇಲ್ಲ. ಬೆಳಿಗ್ಗೆ ಟೀ ಅಂಗಡಿಯಲ್ಲಿ ಒಬ್ಬನಾದರೂ ಆ ಹೊಡೆತ ನೋಡಿದೆಯಾ, ಈ ಬಾಲು ನೋಡಿದೆಯಾ ಎನ್ನಲಿಲ್ಲ. ನಮ್ಮ ಆಟಗಾರರು ಅವರ ಕೈ ಕುಲುಕಲಿಲ್ಲವಂತೆ, ಸರಿಯೋ ತಪ್ಪೋ, ಅದೇ ಮಾತು. ಆಟ ಆಡಿದ್ದು ಕೈ ಕುಲುಕದೆ ಇರುವುದಕ್ಕೋ ಎಂದು ಕೇಳಿದ್ದಕ್ಕೆ ಎಲ್ಲರೂ ನನ್ನನ್ನೇ ನೋಡಿದರು. ಅರ್ಧ ಆಟ ಮುಗಿದಾಗ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಅದು ಹೊಡೆದುಕೊಳ್ಳಲಿಲ್ಲ.

ಇಪ್ಪತ್ತೊಂದು ಹತ್ತಿರ ಬಂತು. ಅವತ್ತು ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ನೆಂಟರು ಗೊಣಗಿದರು, ಮಾರಯ್ಯ ಅದಕ್ಕೂ ಜಗ್ಗಲಿಲ್ಲ. ನೋಡಿದರೆ ಅವತ್ತೂ ಅದೇ ಇಬ್ಬರ ಆಟ! ನಿನ್ನಿಂದ ಸುದ್ದಿಯಿಲ್ಲ. ಬೇರೆ ಸುಳ್ಳು ಹುಡುಕುವ ತಲೆ ನನಗಿಲ್ಲ, ಹಳೆಯದನ್ನೇ ಮತ್ತೆ ಹೇಳಿದೆ. ಈ ಸಲ ಮಾರಯ್ಯ ನಗಲಿಲ್ಲ. "ವಾರ ವಾರ ಆಡಕ್ಕೆ ಇದೇನ್ ಮ್ಯಾಚಾ ಸಂತೆಯಾ? ಉಡ್ಗಿಗೆ ಇಷ್ಟ ಇಲ್ಲ ಅಂದ್ರೆ ನೆಟ್ಟಗೆ ಯೋಳ್ಬುಡಿ" ಎಂದ.

ಆ ಭಾನುವಾರ ರಾತ್ರಿ ಆಟದ ಹೊತ್ತಿಗೆ ಸಿದ್ಧಾರ್ಥನೇ ಬೈಕಿನಲ್ಲಿ ಬಂದ. ಕೈಯಲ್ಲಿ ಬಿಸಿ ಬೋಂಡದ ಪೊಟ್ಟಣ. ದೊಡ್ಡಪ್ಪನಿಗೆ ಮ್ಯಾಚೆಂದರೆ ಪ್ರಾಣವಂತೆ, ಜೊತೆಗೆ ನೋಡೋಣವೆಂದು ಬಂದೆ ಎಂದ. ಕೂತು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಅವನಿಗೆ ಆಕಳಿಕೆ. ಏನಯ್ಯ ಎಂದರೆ, "ನಾನ್ ಐಪಿಎಲ್ ನೋಡೋನು ದೊಡ್ಡಪ್ಪ, ಅದೂ ನಮ್ ಬೆಂಗ್ಳೂರ್ ಟೀಮಿದ್ರೆ. ಇದು ಗೆದ್ದೇ ಗೆಲ್ತೀವಿ ಅಂತ ಗೊತ್ತಿರೋ ಆಟ, ಏನ್ ಮಜಾ?" ಎಂದ. ನಮ್ಮ ಕಾಲದಲ್ಲಿ ಸೋತೇ ಸೋಲುತ್ತೇವೆ ಎಂದು ಗೊತ್ತಿದ್ದೂ ನೋಡುತ್ತಿದ್ದೆವಪ್ಪ, ಶಾರ್ಜಾದಲ್ಲಿ ಕೊನೇ ಬಾಲಿಗೆ ಸಿಕ್ಸ್ ತಿಂದು ಮೂರು ದಿನ ಅನ್ನ ಬಿಟ್ಟವರಿದ್ದರು ಎಂದೆ. ಅವನಿಗೆ ಅದು ಯಾವುದೋ ರಾಜರ ಕಾಲದ ಯುದ್ಧದ ಹಾಗೆ ಕೇಳಿಸಿರಬೇಕು. ಆಮೇಲೆ ತಗ್ಗಿದ ದನಿಯಲ್ಲಿ, "ನಿಜ ಯೋಳಿ ದೊಡ್ಡಪ್ಪ, ಮಿತ್ರಾಗೆ ನಾನು ಇಷ್ಟ ಇಲ್ವಾ?" ಎಂದು ಕೇಳಿದ. ಲೇ ಪೆದ್ದ, ನೀನು ಬಂದೆ ಅಂತ ಒಳಗೆ ಅವಳು ಎರಡು ಸಲ ಜಡೆ ಹಾಕಿಕೊಂಡಿದ್ದಾಳೆ ಎನ್ನಬೇಕೆಂದುಕೊಂಡೆ. ಎಂದರೆ ಮತ್ತೆ ಯಾಕೆ ತಡ ಎಂದು ಕೇಳುತ್ತಾನೆ. ನನಗೆ ಕೂರಲು ಆಗಲಿಲ್ಲ. ಎದ್ದು ಬೀದಿ ಕೊನೆಯ ತನಕ ನಡೆದೆ, ವಾಪಸು ಬಂದೆ, ಮತ್ತೆ ಹೋದೆ. ಪಾಪ, ಆ ಹುಡುಗ ತನಗೆ ಬೇಡದ ಆಟವನ್ನು ಟಿವಿ ಮುಂದೆ ಒಬ್ಬನೇ ಕೂತು ನೋಡುತ್ತಿದ್ದ. ಪವಿತ್ರ ಟೀ ಕೊಟ್ಟು ಅವನ ಎದುರಿಗೆ ಹೋಗಿ ಕೂತಳು.

ಕೊನೆಗೆ ಇಪ್ಪತ್ತೆಂಟು ಎಂದಾಗಿತ್ತು. ನಿನ್ನೆ ರಾತ್ರಿ ಪಾಕಿಸ್ತಾನದ ಮೇಲೆ ಬಾಂಗ್ಲಾದವರು ಸೋತರು. ಫೈನಲ್ಲಿನಲ್ಲಿ ನಮ್ಮ ಎದುರಿಗೆ ಮತ್ತೆ ಅವರೇ, ಮತ್ತೆ ಭಾನುವಾರವೇ! ಮಿತ್ರಾ ನಗಬೇಕೋ ಅಳಬೇಕೋ ತಿಳಿಯದೆ ನನ್ನ ಮುಖ ನೋಡಿದಳು. ಇವತ್ತು ಹಲ್ಲುಜ್ಜುವ ಮೊದಲೇ ಮಾರಯ್ಯನ ಫೋನು. "ಚಿಕ್ಕಮಾದಣ್ಣ, ಈ ಭಾನ್ವಾರ ಅನ್ನೊಂದ್ ಗಂಟ್ಗೆ ನಾವು ನಿಮ್ಮನೆ ಮುಂದಿರ್ತೀವಿ. ಒಳಗ್ ಕರುದ್ರೆ ಬತ್ತೀವಿ. ಮ್ಯಾಚಂದ್ರೆ ಅಂಗೇ ವಾಪಸ್ ತಿರುಕ್ಕೋತೀವಿ, ಮತ್ತೆ ಬರಲ್ಲ" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ಮೊದಲನೇ ವಾರವೇ ತಿರುಗಿಕೊಳ್ಳುತ್ತಿದ್ದೆ.

ನಿನ್ನ ಮಗಳ ಹಟ ಕೇಳು. ಸೀರೆ ತಂದಾಗಿದೆ, ಹಾರ ಹೇಳಿಯಾಗಿದೆ. ಅಪ್ಪ ಬರಲಾಗದಿದ್ದರೆ ಬೇಡ, ಆದರೆ ತನ್ನ ಜೊತೆ ಫೋನಿನಲ್ಲಿ ಹೂಂ ಎನ್ನಲಿ, ಆಮೇಲೆ ಸೀರೆ ಉಡುತ್ತೇನೆ ಎಂದು ಕೂತಿದ್ದಾಳೆ. ಮೆಸೇಜು ಆಗುವುದಿಲ್ಲವಂತೆ, ದನಿಯೇ ಬೇಕಂತೆ. ನಿನ್ನ ಅಪ್ಪನ ಜಾಗದಲ್ಲಿ ನಾನು ಕೂತುಕೊಳ್ಳುತ್ತೇನೆ ಕಣೇ ಎಂದೆ. "ನೀನ್ ಕೂತ್ಕೊ ದೊಡ್ಡಪ್ಪ, ನಂಗೇನೂ ಬೇಜಾರಿಲ್ಲ. ಅಪ್ಪ ಯಾಕ್ ಮಾತಾಡಲ್ಲ ಅಂತ ಯೋಳು" ಎಂದಳು. ಏನೆಂದು ಹೇಳಲಿ?

ಮೇ ತಿಂಗಳಲ್ಲಿ ಅಲ್ಲಿ ಗುಂಡು ಹಾರಿದ ದಿನಗಳಲ್ಲಿ ನಿನ್ನ ಫೋನು ಸ್ವಿಚ್ ಆಫ್ ಇತ್ತು. ಟಿವಿಯವರ ಅರಚಾಟ ತಡೆಯಲಾರದೆ ಪವಿತ್ರ ವೈರನ್ನೇ ಕಿತ್ತುಹಾಕಿದಳು. ಆಮೇಲೆ ನೀನು ಫೋನು ಮಾಡಿ ಚೆನ್ನಾಗಿದ್ದೀನಿ ಎಂದೆ. ಅಲ್ಲಿಂದ ಈಚೆಗೆ ನಿನ್ನ ಬಾಯಲ್ಲಿ ಅದು ಬಿಟ್ಟು ಇನ್ನೇನೂ ಬಂದಿಲ್ಲ. ಅಲ್ಲಿ ಏನು ಕಂಡೆಯೋ ನಾನು ಕೇಳುವುದಿಲ್ಲ. ನಿನಗೆ ಆ ಮ್ಯಾಚು ಬೇಡವೆಂದರೆ ನನಗೂ ಬೇಡ, ಹೋಗಲಿ ಬಿಡು. ಇಲ್ಲಿ ಅದು ಬೇಕಾದವರು ಯಾರೂ ಉಳಿದಿಲ್ಲ. ಬಾಯ್ಕಾಟಿನವನಿಗೆ ಸ್ಕೋರು ಸಾಕು, ಅಳಿಯನಾಗುವವನಿಗೆ ಬೆಂಗಳೂರು ಟೀಮು ಸಾಕು, ಮಂಚಮ್ಮನಿಗೆ ಧಾರಾವಾಹಿ ಸಾಕು. ನನಗೆ ಬೇಕಾಗಿದ್ದದ್ದು ಅರ್ಧ ಆಟಕ್ಕೆ ಬರುವ ಫೋನು. ಇನ್ನು ಮೇಲೆ ಬತ್ತದ ವಿಷಯಕ್ಕೆ ಮಾಡು, ಬೀಗರ ವಿಷಯಕ್ಕೆ ಮಾಡು, ನನ್ನನ್ನು ಬೈಯುವುದಕ್ಕೆ ಮಾಡು.

ಪೆನ್ನು ಹಿಡಿದು ಬೆರಳು ಸೆಟೆದುಕೊಂಡಿದೆ. ಅತ್ತಿಗೆ, ಪವಿತ್ರ ಕೇಳಿದ್ದಾರೆಂದು ತಿಳಿ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ಜೈಭೀಮ್ ತಿಳಿಸು. ಒಳ್ಳೆಯದಾಗಲಿ ನಿನಗೆ, ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಅಣ್ಣ,
ಚಿಕ್ಕಮಾದು

ಮರೆತ ಮಾತು: ಇದನ್ನು ಬೇರೆ ಚೀಟಿಯಲ್ಲಿ ಬರೆದು ನಾನೇ ಫೋಟೋ ಹೊಡೆದು ಕಳಿಸುತ್ತಿದ್ದೇನೆ. ವಕ್ರವಾಗಿ ಬಂದಿದ್ದರೆ ತಲೆ ಓರೆ ಮಾಡಿಕೊಂಡು ಓದು. ಅವತ್ತು ನಾನು ಫೋನು ಕಟ್ ಮಾಡಿದ್ದು ಮ್ಯಾಚಿನ ಮಾತಿಗಲ್ಲ, ನಿನಗೂ ಗೊತ್ತು. "ಎಂಗೇಜ್‌ಮೆಂಟು ನಾನ್ ಇಲ್ದಂಗೇ ಮಾಡ್ಬುಡಿ ಅಣ್ಣ, ನಾನಿಲ್ದೇ ಇರದು ಅವ್ರಿಗೂ ಅಭ್ಯಾಸ ಆಗ್ಲಿ" ಎಂದೆಯಲ್ಲ, ಅದಕ್ಕೆ. ಆ ಮಾತನ್ನು ನಾನು ಪವಿತ್ರಳಿಗೆ ಹೇಳಿಲ್ಲ, ಮಿತ್ರಾಳಿಗೆ ಹೇಳಿಲ್ಲ, ಚಲುವಮ್ಮನಿಗೂ ಹೇಳಿಲ್ಲ. ನೀನಿಲ್ಲದೆ ಶಾಸ್ತ್ರ ಮುಗಿದುಹೋದರೆ ಆ ಮಾತಿಗೆ ನಾನೇ ಒಪ್ಪಿದ ಹಾಗಾಗುತ್ತದೆ ಎಂದು ಎರಡು ವಾರ ತಳ್ಳಿದೆ. ಇನ್ನು ತಳ್ಳಲು ದಿನವಿಲ್ಲ. ನಾವು ಅಭ್ಯಾಸ ಮಾಡಿಕೊಳ್ಳುವುದಿಲ್ಲ ಕಣೋ, ಆ ಆಸೆ ಬಿಡು. ಭಾನುವಾರಕ್ಕೆ ನೀನು ಬರಲಾರೆ, ಸರಿ. ಮದುವೆಗೆ ಬರುತ್ತೇನೆ, ಮಗಳ ಕೈ ಹಿಡಿದು ನಾನೇ ಕೊಡುತ್ತೇನೆ ಎಂದು ಅವಳಿಗೆ ಹೇಳು, ಆಮೇಲೆ ನನಗೆ ಹೇಳು. ನಾಳೆ ಶನಿವಾರ, ಇಪ್ಪತ್ತೇಳನೇ ತಾರೀಖು, ಸಾಯಂಕಾಲ ಆರು ಗಂಟೆಯೊಳಗೆ ನನಗೆ ಉತ್ತರ ಬೇಕು.